ಕೆಂಡ ಆರದ ಊರು

ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಿಂದ ದಕ್ಷಿಣಕ್ಕೆ ಸುಮಾರು 50 ಕಿ.ಮೀ. ಸಾಗಿದರೆ ಲಾಕ್‌ಹಾರ್ಟ್ ಸಿಗುತ್ತದೆ. ಊರು ಚಿಕ್ಕದು, ಓಕ್ ಸೌದೆಯ ಹೊಗೆಯಲ್ಲಿ ಬೇಯುವ ಮಾಂಸದಿಂದ ಬಂದ ಹೆಸರು ದೊಡ್ಡದು. 1900ರಲ್ಲಿ ಆರಂಭವಾದ ಕ್ರೈಟ್ಸ್ ಮಾರ್ಕೆಟ್, ಒಡಹುಟ್ಟಿದವರ ಮನಸ್ತಾಪದಿಂದ 1999ರಲ್ಲಿ ಹೊಸ ಕಟ್ಟಡಕ್ಕೆ ಹೋಯಿತು. ಆಗ ಹಳೆಯ ಒಲೆಯ ಕೆಂಡವನ್ನೂ ಬೀದಿಯಲ್ಲೇ ಸಾಗಿಸಲಾಯಿತು.

ಹೊಗೆಯೊಲೆಯ ಸಾಮಾನ್ಯ ಲೆಕ್ಕ ಹೀಗಿದೆ: ಹಂದಿಯ ಪಕ್ಕೆಲುಬು ತೆಳು, 110ರಿಂದ 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಐದಾರು ಗಂಟೆ ಸಾಕು. ದನದ ಪಕ್ಕೆಲುಬು ದಪ್ಪ, ಕೊಬ್ಬೂ ಹೆಚ್ಚು. 120ರಿಂದ 135 ಡಿಗ್ರಿಯಲ್ಲಿ ಏಳೆಂಟು ಗಂಟೆ ಬೇಕು.

ಮಾಂಸದ ಒಳಶಾಖ 63 ಡಿಗ್ರಿ ಮುಟ್ಟಿ, ಇಳಿಸಿ ಮೂರು ನಿಮಿಷ ಬಿಟ್ಟರೆ ತಿನ್ನಲು ಸುರಕ್ಷಿತವೇನೋ ಹೌದು. ಹಲ್ಲಿಗೆ ಮಾತ್ರ ಬಗ್ಗದು. ಕೊಲಾಜೆನ್ ಎಂಬ ಗಟ್ಟಿ ನಾರು ಪೂರಾ ಕರಗಿ ಮಾಂಸ ಮೆದುವಾಗಬೇಕಾದರೆ ಒಳಶಾಖ 90 ದಾಟಬೇಕು. ನಡುವೆ, 70ರ ಆಸುಪಾಸಿನಲ್ಲಿ, ಮಾಂಸ ಬೆವರಿ ತಣಿಯುವುದರಿಂದ ಶಾಖ ಗಂಟೆಗಟ್ಟಲೆ ಏರುವುದೇ ಇಲ್ಲ. ಆತುರಪಟ್ಟು ಉರಿ ಜೋರು ಮಾಡಿದರೆ ಹೊರಗೆ ಕರಕಲು, ಒಳಗೆ ಚಕ್ಕಳ. ಕಾದರೆ ಮಾಂಸ ಎಲುಬನ್ನು ತಾನಾಗಿ ಬಿಡುತ್ತದೆ.

ಲಾಕ್‌ಹಾರ್ಟ್‌ನಲ್ಲಿ ಅದನ್ನು ತೂಗಿ, ಕಾಗದದ ಮೇಲಿಟ್ಟು ಕೊಡುತ್ತಾರೆ. ತಟ್ಟೆಯ ಹಂಗಿಲ್ಲ.