ಕ್ವಾಲಿಸ್ಸಿಗೂ ಬೋರ್ ನೀರು ಆಗಲ್ಲ

ನಮ್ಮನೆ ಗಾಡಿ ನೋಡಿದೋರೆಲ್ಲ ಕೇಳೋದು ಒಂದೇ ಮಾತು, "ಇನ್ನೂ ಇದನ್ನ ಇಟ್ಕೊಂಡಿದೀರಾ?" ಇಟ್ಕೊಂಡಿದೀವಿ ಕಣ್ರೀ. ಕ್ವಾಲಿಸ್ಸು ಬಿಡದೀಲಿ 2000ದಲ್ಲಿ ಶುರುವಾಗಿ, ಇನ್ನೋವಾ ಬರೋ ಹೊತ್ತಿಗೆ ನಿಂತೇ ಹೋಯ್ತು. ನಮ್ಮದು 2003ರದ್ದು, ನಾವು ಮೂರನೇ ಕೈ. ಮಗ್ಗದ ಸೀರೆ ಗಂಟು ಬೆಂಗಳೂರಿಗೆ ಹೋಗೋದೂ ಇದ್ರಲ್ಲೇ, ಅತ್ತೇನ ತುಮಕೂರಿನ ಆಸ್ಪತ್ರೆಗೆ ಕರ್ಕೊಂಡು ಹೋಗೋದೂ ಇದ್ರಲ್ಲೇ.

ಹೋದ ಬೇಸಿಗೇಲಿ ಮಧುಗಿರಿ ದಾರೀಲಿ ಎರಡು ಸಲ ಕುದ್ದು ನಿಂತ್ಕೊಂತು. ಒಂದು ಗ್ಯಾರೇಜಿನೋರು ಬಾನೆಟ್ ಎತ್ತಿ ನೋಡಿ, "ಹೆಡ್ ಗ್ಯಾಸ್ಕೆಟ್ ಹೋಗೈತೆ, ಇಂಜಿನ್ ಬಿಚ್ಬೇಕು, 35 ಸಾವಿರ ಇಟ್ಕೊಳ್ಳಿ" ಅಂದ್ರು. ನಮ್ಮನೆಯವರು ಮಾರಿಬಿಡಾಣ ಅಂದ್ರು. ನಾನು ಒಂದು ವಾರ ತಡೀರಿ ಅಂದೆ.

ಗಾಡಿ ಜೊತೆ ಬರೋ ಪುಸ್ತಕ ನಮಗೆ ಸಿಕ್ಕಿರ್ಲಿಲ್ಲ. ಸಿಕ್ಕಿದ್ರೂ ಅದ್ರಲ್ಲಿರೋದು ಗಾಳಿ ಎಷ್ಟು, ಆಯಿಲ್ ಎಷ್ಟು ಅಂತ ಅಷ್ಟೇ. ಬಿಚ್ಚಿ ಜೋಡಿಸೋ ಪುಸ್ತಕ ಬೇರೆ, ರಿಪೇರಿ ಮ್ಯಾನ್ಯುಯಲ್ ಅಂತಾರೆ. ಕ್ವಾಲಿಸ್ ಅಂತ ಹುಡುಕಿದ್ರೆ ಅದು ಸಿಗಲೊಲ್ದು. ಆಮೇಲೆ ಗೊತ್ತಾಯ್ತು, ಇಂಡೋನೇಷ್ಯಾದಲ್ಲಿ ಇದಕ್ಕೊಬ್ಬಳು ಅಕ್ಕ ಇದಾಳೆ, ಕಿಜಾಂಗ್ ಅಂತ. ಅವರ ಭಾಷೇಲಿ ಅದು ಜಿಂಕೆ ಜಾತಿ ಪ್ರಾಣಿ ಹೆಸರಂತೆ. ಇಂಜಿನ್ನಿಗೆ 2ಎಲ್ ಅಂತ ಹೆಸರು, ಹೈಲಕ್ಸ್ ಅನ್ನೋ ಗಾಡಿಗೂ ಅದನ್ನೇ ಹಾಕ್ತಿದ್ರು. ಗಾಡಿ ಹೆಸರು ಬಿಟ್ಟು ಇಂಜಿನ್ ಹೆಸರು ಹಿಡಿದ ಮೇಲೆ ನಮ್ಮ ಮೈದುನನ ಫೋನಿಗೆ ಇಂಗ್ಲಿಷ್ ಪುಸ್ತಕ ಬಂತು. ನೀರು ತಣಿಸೋ ಅಧ್ಯಾಯ ಮಾತ್ರ ಝೆರಾಕ್ಸ್ ಮಾಡಿಸಿ ಅಡಿಗೆಮನೇಲಿ ಕೂತು ಓದಿದೆ.

ಓದ್ತಾ ಓದ್ತಾ ನನಗೆ ಅನ್ಸಿದ್ದು, ಅಯ್ಯೋ, ಇದು ನಮ್ಮ ಕುಕ್ಕರ್ರೇ ಅಲ್ವಾ! ರೇಡಿಯೇಟರ್ ಮುಚ್ಚಳದಲ್ಲಿ ಸ್ಪ್ರಿಂಗು, ರಬ್ಬರು ಎರಡೂ ಐತೆ. ಒಳಗೆ ಒತ್ತಡ ಹಿಡಿದಿಟ್ರೆ ನೀರು ನೂರು ಡಿಗ್ರಿ ದಾಟಿದ್ರೂ ಕುದಿಯಲ್ಲ. ರಬ್ಬರು ಒಣಗಿದ್ರೆ ಬೇಗ ಕುದ್ದು ಉಕ್ಕುತ್ತೆ. ಬಿಸಿ ಇದ್ದಾಗ ಕುಕ್ಕರ್ ತೆಗೀಬಾರ್ದು ಅಂತ ನಮಗೆ ಯಾರೂ ಹೇಳ್ಕೊಡಬೇಕಾಗಿಲ್ಲ, ಇದಕ್ಕೂ ಅದೇ. ನಮ್ಮ ಮುಚ್ಚಳದ ರಬ್ಬರು ಬಿರುಕು ಬಿಟ್ಟಿತ್ತು.

ಆಯಿಲ್ ಕಡ್ಡೀನೂ ಎಳೆದು ನೋಡಿದ್ವಿ. ಗ್ಯಾಸ್ಕೆಟ್ ಹೋಗಿ ನೀರು ಸೇರ್ಕೊಂಡಿದ್ರೆ ಆಯಿಲ್ಲು ಹಾಲು ಬೆರೆಸಿದ ಕಾಫಿ ಥರ ಕಾಣುತ್ತೆ. ನಮ್ಮದು ಕಪ್ಪಗೇ ಇತ್ತು. ಥರ್ಮೋಸ್ಟಾಟ್ ಅಂತ ಒಂದು ಸಣ್ಣ ಕವಾಟ ಐತೆ, ಅದನ್ನ ಬಿಚ್ಚಿ ಹಳೇ ಡಬರೀಲಿ ನೀರಿಗೆ ಇಳಿಬಿಟ್ಟು ಒಲೆ ಹಚ್ಚಿದೆ. ನೀರು ಕುದಿಯೋದ್ರೊಳಗೆ ಬಾಯಿ ಬಿಡ್ತು, ಸರಿಯಾಗೇ ಐತೆ. ಅತ್ತೆ ಬಂದು ನೋಡಿ, "ಏನೇ ಅದು, ಕಬ್ಬಿಣ ಬೇಯಿಸ್ತಾ ಇದೀಯಾ?" ಅಂದ್ರು. (ಆ ಡಬರಿ ಮತ್ತೆ ಒಲೆ ಮೇಲೆ ಇಟ್ಟಿಲ್ಲ.)

ಆಮೇಲೆ ರೇಡಿಯೇಟರ್ ತಳದ ತಿರುಪು ಬಿಚ್ಚಿ ಮೇಲಿಂದ ಪೈಪ್ ಬಿಟ್ವಿ. ಬಿಳಿ ಬಿಳಿ ಚಕ್ಕೆ ಬಂತು, ನಮ್ಮ ಸ್ನಾನದ ಹಂಡೆ ತಳದಲ್ಲಿ ಕಟ್ಟುತ್ತಲ್ಲ, ಅದೇ! ಪಾವಗಡ ಸೀಮೆ ನೀರು ಅಂದ್ರೆ ಎಲ್ಲರೂ ಫ್ಲೋರೈಡ್ ಅಂತಾರೆ. ಇಂಜಿನ್ನಿಗೆ ಕಾಟ ಕೊಡೋದು ನೀರಿನ ಗಡಸು, ಆ ಸುಣ್ಣ. ಮೂರು ಕೈ ದಾಟಿ ಬಂದ ಗಾಡಿಗೆ ಎಷ್ಟು ವರ್ಷ ಬೋರ್ ನೀರು ಕುಡಿಸಿದಾರೋ! ಈಗ ಬ್ಯಾಟರಿಗೆ ಹಾಕ್ತಾರಲ್ಲ ಆ ಡಿಸ್ಟಿಲ್ಡ್ ನೀರು ಅರ್ಧ, ಕೂಲೆಂಟ್ ಅರ್ಧ. ಕೂಲೆಂಟ್ ಸಿಹಿ ಇರುತ್ತೆ, ಆದ್ರೆ ವಿಷ. ಚೆಲ್ಲಿದ್ರೆ ನಾಯಿ ನೆಕ್ಕುತ್ತೆ, ಮಕ್ಕಳ ಕೈಗೂ ಸಿಗಬಾರ್ದು.

ಮುಚ್ಚಳ, ಒಂದು ಹೋಸ್ ಪೈಪು, ಕೂಲೆಂಟು ಸೇರಿ 1,900 ರೂಪಾಯಿ ಆಯ್ತು. ಮುಚ್ಚಳದ ಮೇಲೆ ಒತ್ತಡದ ಅಂಕಿ ಇರುತ್ತೆ, ಅದೇ ಅಂಕೀದೇ ತರಬೇಕು. ಅವತ್ತಿಂದ ಇವತ್ತಿನವರೆಗೆ ಬೆಂಗಳೂರಿಗೆ ಆರು ಸಲ ಹೋಗಿಬಂದಿದೀವಿ, ಮುಳ್ಳು ಅರ್ಧ ದಾಟಿಲ್ಲ. 15 ವರ್ಷ ಆದ ಗಾಡಿಗೆ ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡಿಸ್ಬೇಕು, ನಮ್ಮದು 2028ರವರೆಗೆ ಐತೆ. ನಮ್ಮನೆಯವರು ಈಗ ಮಾರೋ ಮಾತು ಎತ್ತಲ್ಲ.

ಎಲ್ಲಾನೂ ಮನೇಲೇ ಮಾಡ್ತೀವಿ ಅಂತಲ್ಲ. ಬ್ರೇಕ್ ಕೆಲಸಕ್ಕೆ ಕೈ ಹಾಕಲ್ಲ. ಟೈಮಿಂಗ್ ಬೆಲ್ಟ್ ಲಕ್ಷ ಕಿಲೋಮೀಟರಿಗೊಮ್ಮೆ ಬದಲಾಯಿಸ್ಬೇಕು. ಅದು ಓಡ್ತಾ ಹರಿದ್ರೆ ವಾಲ್ವು ಪಿಸ್ಟನ್ನಿಗೆ ಬಡಿದು ಇಂಜಿನ್ನೇ ಹಾಳು. ನಮ್ಮದನ್ನ ಯಾವಾಗ ಹಾಕಿಸಿದಾರೆ ಅಂತ ಎಲ್ಲೂ ಬರೆದಿಲ್ಲ. ಬರೋ ತಿಂಗಳು ಸೀರೆ ಕೊಡಕ್ಕೆ ಹೋದಾಗ ಜೆ.ಸಿ. ರಸ್ತೇಲಿ ಬೆಲ್ಟ್ ತರ್ತೀವಿ. ಮೆಕ್ಯಾನಿಕ್ಕು ಹಾಕೋವಾಗ ಆ ಪುಟ ಹಿಡ್ಕೊಂಡು ಪಕ್ಕದಲ್ಲಿ ನಾನೂ ನಿಂತಿರ್ತೀನಿ.