ಹೆಡತಲೆಯ ರಾಗಿ, ಹಿಮಾಲಯದ ಹಿಮ

ನಂಜನಗೂಡು ತಾಲ್ಲೂಕಿನ ಹೆಡತಲೆಯ ಒಂದು ಮನೆ. ಅಂಗಳದಲ್ಲಿ ಹಸನು ಮಾಡಿದ ರಾಗಿಯ ರಾಶಿ. ಮೈಸೂರಿನಲ್ಲಿ ಬಿ.ಎಸ್ಸಿ. ಓದುವ ಮಗಳು ರಜೆಗೆ ಬಂದವಳು, ಗೆಳತಿಯರೊಡನೆ ಚಳಿಗಾಲದ ಹಿಮಾಲಯ ಚಾರಣಕ್ಕೆ ಹೋಗುವೆನೆಂದಳು. ಅಪ್ಪ ಮಾತಾಡಲಿಲ್ಲ. ಅವರಿಗೆ 2016ರ ಸುದ್ದಿ ನೆನಪಾಗಿತ್ತು.

ಆ ವರ್ಷ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣ್ಯದ ಮೇಲೆ ಮಂಜುಗಡ್ಡೆಯ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಹೂತುಹೋದರು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರನೆಯ ದಿನ ಜೀವಂತವಾಗಿ ಸಿಕ್ಕಾಗ ನಾಡೇ ಹರಕೆ ಹೊತ್ತಿತು. ಫೆಬ್ರುವರಿ 11ರಂದು ಅವರೂ ತೀರಿಕೊಂಡರು. ಮಡಿದವರಲ್ಲಿ ಸಿಪಾಯಿ ಮಹೇಶ್ ನೆರೆಯ ಎಚ್.ಡಿ. ಕೋಟೆ ತಾಲ್ಲೂಕಿನವರು.

"ಅಲ್ಲಿ ಬಿದ್ದದ್ದು ಮಂಜುಗಡ್ಡೆ ಗೋಡೆ ಕಣಪ್ಪ. ಚಾರಣದವರಿಗೆ ಎದುರಾಗೋ ಹಿಮಕುಸಿತ ಬೇರೆ ಥರದ್ದು" ಎಂದ ಮಗಳು ಮೊರದಲ್ಲಿ ರಾಗಿ ತುಂಬಿ ರಾಶಿಯ ಮೇಲೆ ಸುರಿದಳು. ರಾಶಿ ಒಂದು ಇಳಿಜಾರಿನವರೆಗೆ ನಿಂತಿತು, ಆಮೇಲೆ ಜಾರಿತು. ಹಿಮಕ್ಕೂ ಹೀಗೆಯೇ ಒಂದು ಮಿತಿಯುಂಟು. ಹೆಚ್ಚಿನ ಕುಸಿತಗಳು 30ರಿಂದ 45 ಡಿಗ್ರಿ ಇಳಿಜಾರಿನಲ್ಲೇ ಆಗುತ್ತವೆ.

ಬಳಿಕ ಅವಳು ಚೆಲ್ಲಿದ ರಾಗಿಯ ಮೇಲೆ ಅಜ್ಜಿಯ ಮಣೆಯನ್ನಿಟ್ಟು ಬೆರಳಿನಿಂದ ನೂಕಿದಳು. ಮಣೆ ಸರ್ರನೆ ಜಾರಿತು. ಬೆಟ್ಟದಲ್ಲಿ ಹಳೆಯ ಹಿಮ ಚಳಿಗೆ ಸಕ್ಕರೆಯಂತೆ ಹರಳುಗಟ್ಟಿ ಸಡಿಲವಾಗುತ್ತದೆ. ಅದರ ಮೇಲೆ ಹೊಸ ಹಿಮ ಹಲಗೆಯಂತೆ ಕೂರುತ್ತದೆ. ಆ ಹಲಗೆ ಜಾರಲು ನಡೆಯುವವರ ಭಾರವೇ ಸಾಕು. ಸಿಕ್ಕಿಬೀಳುವ ಚಾರಣಿಗರಲ್ಲಿ ಬಹುಪಾಲು ಜನರ ಮೇಲೆ ಬೀಳುವುದು ತಾವೋ ಜೊತೆಗಾರರೋ ಕದಲಿಸಿದ ಹಿಮವೇ.

"ಇಷ್ಟು ಗೊತ್ತಿದ್ದೂ ಹೋಗ್ತೀಯಾ?"

"ಗೊತ್ತಿರೋದ್ರಿಂದಲೇ ಕೇಳಬೇಕಾದ್ದನ್ನ ಕೇಳ್ತೀನಪ್ಪ."

'ಬೇಡ' ಎನ್ನುವುದು ಹೆತ್ತವರಿಗೆ ಸುಲಭ. ಆದರೆ ಅಪ್ಪ ಹಳೆಯ ಕ್ಯಾಲೆಂಡರಿನ ಹಾಳೆ ತಂದುಕೊಟ್ಟರು. ಮಗಳು ಅದರ ಬೆನ್ನಿಗೆ ಬರೆದಳು: ದಾರಿ ಕಡಿದಾದ ಇಳಿಜಾರಿನ ಮೇಲೋ ಅಡಿಯಲ್ಲೋ ಹಾಯುತ್ತದೆಯೇ? ಚಂಡೀಗಢದ ಡಿಜಿಆರ್‌ಇ ಸಂಸ್ಥೆಯ ಹಿಮಕುಸಿತ ಮುನ್ಸೂಚನೆ ನೋಡುತ್ತೀರಾ? ಜೋರು ಹಿಮ, ಗಾಳಿ ಬಂದರೆ ಕಾಯುತ್ತೀರಾ? ಅಪಾಯದ ಜಾಗವನ್ನು ಒಬ್ಬೊಬ್ಬರಾಗಿ ದಾಟಿಸುತ್ತೀರಾ? ಪ್ರತಿಯೊಬ್ಬರಿಗೂ ಸಂಕೇತ ಕಳುಹಿಸುವ ಟ್ರಾನ್ಸ್‌ಸೀವರ್, ಹುಡುಕುವ ಸಲಾಕೆ, ಸಲಿಕೆ ಉಂಟೇ?

ಕೊನೆಯ ಪ್ರಶ್ನೆಗೆ ಕಾರಣವಿದೆ. ಹೂತವರನ್ನು ಹತ್ತು ನಿಮಿಷದೊಳಗೆ ತೆಗೆದರೆ ಹೆಚ್ಚಿನವರು ಬದುಕುತ್ತಾರೆ. ಅರ್ಧ ಗಂಟೆ ಕಳೆದರೆ ಉಸಿರುಕಟ್ಟಿ ಹೆಚ್ಚಿನವರು ಸಾಯುತ್ತಾರೆ. ಹೊರಗಿನ ನೆರವು ಅಷ್ಟರಲ್ಲಿ ಬಾರದು, ಅಗೆಯಬೇಕಾದವರು ಜೊತೆಗಾರರೇ. ಆರು ದಿನ ಬದುಕಿದ್ದ ಹನುಮಂತಪ್ಪನವರದು ಅಪರೂಪದಲ್ಲಿ ಅಪರೂಪ.

ಮಗಳು ಚಾರಣ ಏರ್ಪಡಿಸಿದವರಿಗೆ ಫೋನ್ ಮಾಡಿ ಒಂದೊಂದಾಗಿ ಕೇಳಿದಳು. "ಅದೆಲ್ಲ ಯಾಕಮ್ಮ? ಇಷ್ಟು ವರ್ಷ ಏನೂ ಆಗಿಲ್ಲ" ಎಂಬ ಉತ್ತರ ಬಂತು. ಅವಳು ಫೋನ್ ಕೆಳಗಿಟ್ಟಳು. ಕಣ್ಣು ತುಂಬಿತ್ತು. ಮುಂಗಡ ಹಣ ಮಾತ್ರ ಕಳುಹಿಸಲಿಲ್ಲ.

ಅಪ್ಪ ಚೆಲ್ಲಿದ ರಾಗಿಯನ್ನು ಬಳಿಯುತ್ತಾ ಹೇಳಿದರು: "ದುಡ್ಡು ಮಡಗಿರು ಮಗ. ಸರಿಯಾಗಿ ಉತ್ತರ ಹೇಳೋರು ಸಿಕ್ಕಿದಾಗ ಹೋಗೀಯಂತೆ."