ಪಾಠ ಹೇಳುವುದನ್ನು ಕಲಿಸಿದವರು

ವಿದ್ಯಾಸಂಸ್ಥೆಯೊಂದರ ಸ್ಮರಣ ಸಂಚಿಕೆಯಲ್ಲಿ ಕಟ್ಟಡಗಳು ಎದ್ದ ವರ್ಷ, ದಾನಿಗಳು ಇತ್ತ ನೆರವು, ಪರೀಕ್ಷೆಗಳಲ್ಲಿ ತೇರ್ಗಡೆಯಾದವರ ಸಂಖ್ಯೆ ಇವೆಲ್ಲವೂ ದಾಖಲಾಗುವುದು ಉಚಿತವೇ ಆಗಿದೆ. ಆದರೆ ಯಾವ ಕಡತದಲ್ಲಿಯೂ ಸೇರದ ಆಸ್ತಿಯೊಂದು ಪ್ರತಿಯೊಂದು ಶಾಲೆಯಲ್ಲಿಯೂ ಇರುತ್ತದೆ. ಒಬ್ಬ ಉಪಾಧ್ಯಾಯರಿಂದ ಮತ್ತೊಬ್ಬರಿಗೆ ನೋಡಿ, ಕೇಳಿ ದಾಟಿಬಂದ ಬೋಧನಕ್ರಮವೇ ಆ ಆಸ್ತಿ. ನಾನು ಈ ವೃತ್ತಿಗೆ ಬಂದ ಹೊಸತರಲ್ಲಿ ಮಾರ್ಗದರ್ಶಕರಾಗಿ ದೊರೆತ ಹಿರಿಯ ಕನ್ನಡ ಪಂಡಿತರೊಬ್ಬರಿಂದ ಅದರಲ್ಲಿ ನನಗೂ ಒಂದು ಪಾಲು ಬಂದಿತು. ಅವರು ಈಗ ಲಿಂಗೈಕ್ಯರು. ಬದುಕಿದ್ದಾಗ ಹೊಗಳಿಕೆಗೆ ಸಂಕೋಚಪಡುತ್ತಿದ್ದವರು. ಆದಕಾರಣ ಹೆಸರನ್ನು ಬಿಟ್ಟು ಅವರ ಕ್ರಮವನ್ನಷ್ಟೇ ಇಲ್ಲಿ ನಿವೇದಿಸುತ್ತೇನೆ.

ವಿದ್ವತ್ ವ್ಯಾಸಂಗದಲ್ಲಿ ನಮಗೆ ಸೂತ್ರ ಮೊದಲು, ಉದಾಹರಣೆ ಅನಂತರ. ಸೂತ್ರವು ಕಂಠಸ್ಥವಾದ ಮೇಲೆಯೇ ಅದರ ಅರ್ಥವಿಚಾರ. ಪಂಡಿತನನ್ನು ರೂಪಿಸಲು ಅದು ತಕ್ಕ ದಾರಿಯೇ ಸರಿ. ಆದರೆ ಹದಿಮೂರು ವರ್ಷದ ಹುಡುಗನಿಗೆ ವ್ಯಾಕರಣದ ರುಚಿ ಹತ್ತಿಸುವ ದಾರಿ ಬೇರೆಯೆಂಬುದು ನಮ್ಮ ಹಿರಿಯರ ಮತ. ಅದನ್ನು ಅವರು ಉಪದೇಶಿಸಲಿಲ್ಲ. ‘ಪಂಡಿತರೇ, ಬಿಡುವಿದ್ದಾಗ ನನ್ನ ತರಗತಿಯಲ್ಲಿ ಬಂದು ಕೂಡಿ’ ಎಂದರು, ಅಷ್ಟೆ.

ಆ ದಿನ ಸಂಧಿಪಾಠ. ಕರಿಹಲಗೆಯ ಮೇಲೆ ಒಂದಕ್ಷರವನ್ನೂ ಬರೆಯದೆ ಅವರು ಕೇಳಿದರು: ‘ಮಳೆ ಬರುವ ಕಾಲಕ್ಕೆ ನಿಮ್ಮೂರಲ್ಲಿ ಏನೆನ್ನುತ್ತಾರೆ?’ ಹುಡುಗರು ಒಕ್ಕೊರಲಿನಿಂದ ‘ಮಳೆಗಾಲ’ ಎಂದರು. ‘ಕಾಲ ಅಲ್ಲವೇ? ಗಾಲ ಎಲ್ಲಿಂದ ಬಂತು?’ ಉತ್ತರವಿಲ್ಲ. ಅವರೂ ಮಾತಾಡಲಿಲ್ಲ. ಪ್ರಶ್ನೆ ಕೇಳಿದ ಮೇಲೆ ಹಾಗೆ ಕಾಯುವುದೇ ಅವರ ದೊಡ್ಡ ವಿದ್ಯೆ. ಕೊನೆಗೆ ಹುಡುಗನೊಬ್ಬ, ‘ಸಾರ್, ಮಳೆಕಾಲ ಅಂದರೆ ನಾಲಗೆ ತಡೆಯುತ್ತೆ’ ಎಂದ. ಆ ಎಳೆಯನ್ನೇ ಹಿಡಿದು ಬೆಟ್ಟದಾವರೆ, ಕಂಬನಿಗಳನ್ನು ಬಿಡಿಸಿದರು. ಕಕಾರಕ್ಕೆ ಗಕಾರ, ತಕಾರಕ್ಕೆ ದಕಾರ, ಪಕಾರಕ್ಕೆ ಬಕಾರ ಬರುವುದನ್ನು ಹುಡುಗರೇ ಕಂಡುಕೊಂಡ ಬಳಿಕ ‘ಆದೇಶಸಂಧಿ’ ಎಂಬ ಹೆಸರು ಹಲಗೆಯ ಮೇಲೆ ಬಂದಿತು. ‘ಕೇಶಿರಾಜನೂ ಹಿಂದಿನ ಕವಿಗಳ ಪ್ರಯೋಗಗಳನ್ನು ನೋಡಿಯಲ್ಲವೇ ಶಬ್ದಮಣಿದರ್ಪಣವನ್ನು ಕಟ್ಟಿದ್ದು? ಹುಡುಗರೂ ಆ ದಾರಿಯಲ್ಲೇ ನಾಲ್ಕು ಹೆಜ್ಜೆ ನಡೆಯಲಿ’ ಎಂದು ಆಮೇಲೆ ನನಗೆ ಹೇಳಿದರು.

ಛಂದಸ್ಸಿನಲ್ಲಿಯೂ ಹೀಗೆಯೇ. ಭಾಮಿನಿ ಷಟ್ಪದಿಯ ಲಕ್ಷಣವನ್ನು ಹೇಳುವ ಮೊದಲು ಕುಮಾರವ್ಯಾಸನ ಪದ್ಯವೊಂದನ್ನು ರಾಗವಾಗಿ ಓದಿ, ಮೂರು ಮಾತ್ರೆಗೊಮ್ಮೆ, ನಾಲ್ಕು ಮಾತ್ರೆಗೊಮ್ಮೆ ಮೇಜಿನ ಮೇಲೆ ಮೆಲ್ಲನೆ ತಟ್ಟುವರು. ತರಗತಿಯೂ ತಟ್ಟತೊಡಗುವುದು. ಮೊದಲೆರಡು ಸಾಲುಗಳಲ್ಲಿ ಎರಡೆರಡು ಸಲ ಬರುವ ಈ ಜೋಡಿ ಮೂರನೆಯ ಸಾಲಿನಲ್ಲಿ ಮೂರು ಸಲ ಬಂದು, ಕೊನೆಗೊಂದು ಗುರುವಿನ ಮೇಲೆ ನಿಲ್ಲುವುದನ್ನು ಕಿವಿಯೇ ಗುರುತಿಸುವುದು. ಆಮೇಲೆ 14 ಮಾತ್ರೆ, 23 ಮಾತ್ರೆ ಎಂದು ಪ್ರಸ್ತಾರ ಹಾಕಿದರೆ ಅದು ಬರಿಯ ಲೆಕ್ಕವಾಗಿ ತೋರುವುದಿಲ್ಲ.

ಇವೆಲ್ಲಕ್ಕಿಂತಲೂ ನನ್ನ ಮನಸ್ಸಿನಲ್ಲಿ ನೆಲೆಯಾಗಿ ನಿಂತ ಪ್ರಸಂಗ ಬೇರೊಂದಿದೆ. ಉಚಿತ ಪ್ರಸಾದ ನಿಲಯದಿಂದ ಬರುತ್ತಿದ್ದ ಹುಡುಗನೊಬ್ಬ ಪಾಠ ಓದುವಾಗ ‘ಹಕ್ಕಿ’ಯನ್ನು ‘ಅಕ್ಕಿ’ ಎಂದ. ತರಗತಿ ಗೊಳ್ಳೆಂದಿತು. ಅವನ ಮನೆಯಲ್ಲಿ ಓದು ಬಲ್ಲವರಿರಲಿಲ್ಲ. ಪುಸ್ತಕ ಮುಚ್ಚಿ ಕುಳಿತುಬಿಟ್ಟ. ಹಿರಿಯರು ನಗುವವರನ್ನು ಗದರಲಿಲ್ಲ. ‘ಪಂಪ ವಿಕ್ರಮಾರ್ಜುನ ವಿಜಯವನ್ನು ಬರೆದನಲ್ಲ, ಆ ಕಾಲದ ಕನ್ನಡದಲ್ಲಿ ಇದು ಪಕ್ಕಿ. ಪಕಾರ ಹಕಾರವಾಗಿ ನಿಮ್ಮ ಹಕ್ಕಿಯಾಯಿತು. ಇವನ ಊರಿನಲ್ಲಿ ಹಕಾರವೂ ಉದುರಿ ಅಕ್ಕಿಯಾಗಿದೆ. ಪಂಪ ಈಗ ಬಂದರೆ ನಿಮ್ಮಿಬ್ಬರ ಮಾತನ್ನು ಕೇಳಿಯೂ ನಕ್ಕಾನು’ ಎಂದರು. ಬಳಿಕ ಹುಡುಗನ ಕಡೆ ತಿರುಗಿ, ‘ಮನೆಯಲ್ಲಿ ನಿನ್ನ ಮಾತೇ ಇರಲಿ ಮಗು. ಬರೆಯುವಾಗ, ಓದುವಾಗ ಮಾತ್ರ ಹಕಾರವನ್ನು ಹಿಡಿದುಕೋ. ಇಲ್ಲವಾದರೆ ಮರದ ಮೇಲಿನ ಹಕ್ಕಿಯನ್ನು ಸೇರಿನಲ್ಲಿ ಅಳೆಯಬೇಕಾದೀತು’ ಎಂದರು. ಈ ಸಲ ಹುಡುಗನೂ ನಕ್ಕ, ಪುಸ್ತಕ ತೆರೆದ. ಪಾಲು ಹಾಲಾದುದನ್ನು ಭಾಷಾಶಾಸ್ತ್ರದ ಗ್ರಂಥಗಳಲ್ಲಿ ನಾನೂ ಓದಿದ್ದೆ. ಆ ಶಾಸ್ತ್ರವು ಒಂದು ಮಗುವಿನ ಮಾನವನ್ನು ಕಾಪಾಡಬಲ್ಲುದೆಂಬುದನ್ನು ಕಣ್ಣಾರೆ ಕಂಡದ್ದು ಅಂದು.

ಅವರೂ ಆಗಾಗ ನನ್ನ ತರಗತಿಗೆ ಬಂದು ಕೊನೆಯ ಬೆಂಚಿನಲ್ಲಿ ಕೂಡುತ್ತಿದ್ದರು. ಪಾಠದ ಬಳಿಕ ಒಂದು ಚೀಟಿ ಕೊಡುತ್ತಿದ್ದರು. ಅದರಲ್ಲಿ ನನ್ನ ಮಾತಿನ ಗುಣದೋಷ ವಿಮರ್ಶೆ ಇರುತ್ತಿರಲಿಲ್ಲ. ‘ಕಿಟಕಿಯ ಬಳಿಯ ಹುಡುಗಿ ಎರಡು ಸಲ ಬಾಯಿ ತೆರೆದು ಸುಮ್ಮನಾದಳು’, ‘ಮೂರನೆಯ ಬೆಂಚಿನವನಿಗೆ ಹಲಗೆ ಕಾಣುತ್ತಿಲ್ಲ’ ಎಂಬಂತಹ ಒಂದೆರಡು ವಾಕ್ಯಗಳು ಮಾತ್ರ. ಉಪಾಧ್ಯಾಯನ ಕಣ್ಣು ಪುಸ್ತಕದಿಂದ ಎದ್ದು ಮಕ್ಕಳ ಮುಖದ ಮೇಲೆ ನಿಲ್ಲುವಂತೆ ಮಾಡಲು ಆ ಚೀಟಿಗಳೇ ಸಾಕಾಗಿದ್ದವು. ಇಂದಿಗೂ ಪಾಠ ಹೇಳುವಾಗ ನನ್ನ ದೃಷ್ಟಿ ತಾನಾಗಿ ಕೊನೆಯ ಸಾಲಿನವರೆಗೆ ಹೋಗಿಬರುತ್ತದೆ.

ಶರಣ ಪರಂಪರೆಯಲ್ಲಿ ಅಷ್ಟಾವರಣಗಳ ಪೈಕಿ ಗುರುವಿಗೆ ಮೊದಲ ಸ್ಥಾನ. ಅದೇ ಪರಂಪರೆಯ ಶೂನ್ಯಸಂಪಾದನೆ ಇರುವುದು ಸಂವಾದರೂಪದಲ್ಲಿ. ಕೇಳುವವನಿಗೆ ಎಡೆಯಿಲ್ಲದ ಉಪದೇಶವನ್ನು ನಮ್ಮ ಹಿರಿಯರು ಒಪ್ಪಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ನಮ್ಮ ಪಂಡಿತರ ತರಗತಿ ಈ ಮಾರ್ಗದಲ್ಲಿಯೇ ಇದ್ದಿತು.

ಆದರೆ ಇಂತಹ ಕ್ರಮವನ್ನು ತರಬೇತಿಯ ಪುಸ್ತಕವೊಂದೇ ದಾಟಿಸಲಾರದು. ಹಿರಿಯರು ನಿವೃತ್ತರಾಗಿ ಹೋದ ಎಷ್ಟೋ ಕಾಲದ ಬಳಿಕ ಕಿರಿಯರು ನೇಮಕವಾದರೆ ನಡುವಿನ ದಾರ ಕಡಿದೇ ಹೋಗುತ್ತದೆ. ಹೊಸದಾಗಿ ಬಂದವರು ವಾರಕ್ಕೊಂದು ಅವಧಿಯಾದರೂ ಹಿರಿಯರ ತರಗತಿಯಲ್ಲಿ ಕೂಡುವಂತೆ, ಹಿರಿಯರು ಅವರ ತರಗತಿಗೆ ಹೋಗಿಬರುವಂತೆ ವೇಳಾಪಟ್ಟಿಯಲ್ಲಿಯೇ ಎಡೆ ಮಾಡಿಕೊಡಬೇಕೆಂದು ಆಡಳಿತ ಮಂಡಳಿಯವರಲ್ಲಿ ವಿನಂತಿಸುತ್ತೇನೆ. ಇದಕ್ಕೆ ಹೊಸ ಕಟ್ಟಡ ಬೇಡ, ನಿಧಿ ಬೇಡ. ಕೊನೆಯ ಸಾಲಿನಲ್ಲಿ ಒಂದು ಬೆಂಚು, ಹಿರಿಯರ ಕೈಯಲ್ಲಿ ಒಂದು ಚೀಟಿ ಇದ್ದರೆ ಸಾಕು.